ರಾಣಿಯ ರಕ್ತ ಹುಬ್ಬಳ್ಳಿಗೆ ಹೋದದ್ದು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದೊಂದು ಔಷಧಿ ಅಂಗಡಿ. ನಮ್ಮ ಕಡೆ ಔಷಧಿ ಮಾರುವವನನ್ನೂ ಜನ ಡಾಕ್ಟರೆಂದೇ ಕರೆಯುತ್ತಾರೆ. ಮೊದಮೊದಲು ನಾನು ತಿದ್ದುತ್ತಿದ್ದೆ. "ನಾ ಡಾಕ್ಟರ್ ಅಲ್ರೀ, ಅಂಗಡಿಯಾಂವ" ಅನ್ನುತ್ತಿದ್ದೆ. ವರ್ಷ ಕಳೆದಂತೆ ತಿದ್ದುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಕೊನೆಕೊನೆಗೆ ಯಾರಾದರೂ "ಬಸಣ್ಣಾ" ಎಂದು ಹೆಸರು ಹಿಡಿದು ಕರೆದರೆ ಇವನಿಗೆ ಎಷ್ಟು ಸೊಕ್ಕು ಎನ್ನಿಸತೊಡಗಿತ್ತು.

ಹೀಗಿರುವಾಗ, ಒಂದು ಹೆಣ್ಣು ನಾಯಿಗೆ ಮರಿಯಾಗದಂತೆ ಆಪರೇಶನ್ ಆಗಿದೆಯೋ ಇಲ್ಲವೋ ಎಂಬ ಪ್ರಶ್ನೆ ನನ್ನ ಮನೆಯಲ್ಲಿಯೇ ಎದ್ದರೆ, ಅದನ್ನು ಬಗೆಹರಿಸಲು ನನಗಿಂತ ಯೋಗ್ಯ ಮನುಷ್ಯ ಇಡೀ ರೋಣ ತಾಲ್ಲೂಕಿನಲ್ಲಿ ಇದ್ದಾನೆಯೇ? ಇಲ್ಲ ಎಂದು ನಾನು ತೀರ್ಮಾನಿಸಿದೆ. ತೀರ್ಮಾನಿಸುವುದಕ್ಕೆ ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ರಾಣಿ ನಮ್ಮ ಮನೆಗೆ ತಾನಾಗಿಯೇ ಬಂದವಳು. ಒಂದು ಸಂಜೆ ಬಸ್ ಸ್ಟ್ಯಾಂಡಿನ ಕಡೆಯಿಂದ ಬಂದು ಅಂಗಡಿಯ ಮುಂದೆ ಕುಳಿತಳು. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು, ಕೊರಳಲ್ಲಿ ಸವೆದ ಚರ್ಮದ ಪಟ್ಟಿ. ವರ್ಗವಾಗಿ ಹೋದ ಯಾರೋ ಸಾಹೇಬರು ಬಿಟ್ಟುಹೋದ ನಾಯಿ ಇರಬೇಕು ಎಂದು ಜನ ಅಂದರು. ನಾನು ಆಗ ಒಬ್ಬ ಗಿರಾಕಿಗೆ ಕೆಮ್ಮಿನ ಬಗೆಗಳನ್ನು ವಿವರಿಸುತ್ತಿದ್ದೆ. ಒಣ ಕೆಮ್ಮು ಮುಗಿದು ಕಫದ ಕೆಮ್ಮಿಗೆ ಬರುವಷ್ಟರಲ್ಲಿ ಗಿರಾಕಿ ಎದ್ದುಹೋದ. ನಾಯಿ ಹೋಗಲಿಲ್ಲ. ಕಫದ ಕೆಮ್ಮು ಮುಗಿಯುವ ತನಕ ತಲೆ ವಾರೆ ಮಾಡಿಕೊಂಡು ಕೇಳಿತು. ನನ್ನ ಮಾತನ್ನು ಪೂರ್ತಿ ಕೇಳಿದ ಜೀವ ಅಲ್ಲಿಯವರೆಗೆ ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ! ಅಂಗಡಿ ಮುಚ್ಚಿ ಮನೆಗೆ ಕರೆದುಕೊಂಡು ಹೋದೆ.

ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲೇ ನಿಂತಳು.

"ಇದು ಹೆಣ್ಣು ನಾಯಿ" ಅಂದಳು.

"ಹೌದು. ಅದಕ್ಕ ರಾಣಿ ಅಂತ ಹೆಸರಿಟ್ಟೇನಿ."

"ನಾ ಹೆಸರು ಕೇಳಿಲ್ರಿ. ಮಗಳು ಬಸುರಿ ಅದಾಳ, ಮುಂದ ಬಾಣಂತನ ಐತಿ. ಒಂದ ಮನ್ಯಾಗ ಎರಡು ಬಾಣಂತನ ನನ್ನ ಕೈಲೆ ಆಗೂದಿಲ್ಲ. ಇದು ಮರಿ ಹಾಕೂದಿಲ್ಲ ಅಂತ ಖಾತ್ರಿ ಮಾಡ್ರಿ, ಇರಲಿ. ಇಲ್ಲಂದ್ರ ಲಕ್ಕಲಕಟ್ಟಿಗೆ ಒಯ್ದು ನಿಮ್ಮ ಅಕ್ಕನ ಹೊಲದಾಗ ಬಿಟ್ಟು ಬರ್ರಿ."

ಗಿರಿಜಾ ಹೇಳಿದ್ದು ನ್ಯಾಯವಾಗಿಯೇ ಇತ್ತು. ನಮ್ಮ ಒಬ್ಬಳೇ ಮಗಳು ಸವಿತಾಳನ್ನು ರೋಣಕ್ಕೆ ಕೊಟ್ಟಿದ್ದೆವು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅಕ್ಕನ ಹೊಲದಲ್ಲಿ ಆಗಲೇ ಮೂರು ಕಾವಲು ನಾಯಿಗಳಿದ್ದವು. ಹೊಸ ನಾಯಿ ಕಂಡರೆ ಹರಿದು ಹಾಕುವಂಥವು. ಕೆಮ್ಮಿನ ಉಪನ್ಯಾಸ ಕೇಳಿಸಿಕೊಳ್ಳುವ ಮೃದು ಸ್ವಭಾವದ ರಾಣಿ ಅಲ್ಲಿ ಬಾಳುವುದು ಸಾಧ್ಯವೇ ಇರಲಿಲ್ಲ.

ಕೂಡಲೇ ರಾಣಿಯನ್ನು ಅಂಗಾತ ಮಲಗಿಸಿ ತಪಾಸಣೆ ಮಾಡಿದೆ. ಹೊಟ್ಟೆಯ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆ ಕಂಡಿತು.

"ನೋಡು, ಆಪರೇಶನ್ ಆಗೈತಿ. ಸಾಹೇಬ್ರು ಸಾಕಿದ ನಾಯಿ, ಮಾಡಿಸಿರತಾರ."

ಗಿರಿಜಾ ಬಗ್ಗಿ ನೋಡಿದಳು. "ಬೇಲಿ ತಂತಿ ತರಚಿದ್ರೂ ಹಿಂಗ ಗೆರಿ ಬೀಳತೈತಿ."

ಉತ್ತರವಿಲ್ಲದಿದ್ದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮರುದಿನ ಬೆಳಿಗ್ಗೆಯೇ ರಾಣಿಯನ್ನು ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗೆರೆಯ ಮೇಲೆ ಬೆರಳಾಡಿಸಿ, "ಗೆರಿ ಐತಿ ಖರೇ, ಹೊಲಿಗಿ ಗುರುತು ಕಾಣವಲ್ದು. ಹೇಳಾಕ ಬರೂದಿಲ್ಲ. ಕಾದು ನೋಡ್ರಿ. ಬೆದಿಗೆ ಬಂತಂದ್ರ ಆಪರೇಶನ್ ಆಗಿಲ್ಲ ಅಂತ ತಿಳಕೋಬೇಕು" ಅಂದರು.

"ಎಷ್ಟು ದಿನ ಕಾಯಬೇಕ್ರಿ?"

"ಆರು ತಿಂಗಳಾಗಬಹುದು, ಎಂಟಾಗಬಹುದು."

ಗಿರಿಜಾ ಎಂಟು ದಿನ ಕಾಯುವವಳಲ್ಲ. "ಬ್ಯಾರೆ ಪರೀಕ್ಷಾ ಇಲ್ಲೇನ್ರಿ?" ಎಂದು ಕೇಳಿದೆ.

"ರಕ್ತದಾಗ ಹಾರ್ಮೋನ್ ನೋಡಬಹುದ್ರಿ. ಪ್ರೊಜೆಸ್ಟೆರಾನ್ ಅಂತ ಒಂದು ಐತಿ. ಅದು ಏರಿತ್ತಂದ್ರ ಒಳಗ ಅಂಡಾಶಯ ಐತಿ, ಆಪರೇಶನ್ ಆಗಿಲ್ಲ. ಮಾತು ಮುಗೀತು. ಇಳದಿತ್ತಂದ್ರ ಮಾತ್ರ ಏನೂ ಹೇಳಾಕ ಬರೂದಿಲ್ಲ. ಆಪರೇಶನ್ ಆಗಿದ್ದಕ್ಕ ಇಳದಿರಬಹುದು, ಇಲ್ಲಾ ಆಗಿನ್ನೂ ಬೆದಿ ಕಾಲ ಬಂದಿರೂದಿಲ್ಲ. ಆಗ ಮತ್ತ ಮತ್ತ ನೋಡಬೇಕು."

ಡಾಕ್ಟರ ಮಾತಿನ ಮೊದಲರ್ಧ ನನಗೆ ಚೆನ್ನಾಗಿ ತಿಳಿಯಿತು. ಎರಡನೆಯ ಅರ್ಧ ಅನಗತ್ಯವೆನ್ನಿಸಿತು. ಏರಿದರೆ ಆಗಿಲ್ಲ, ಇಳಿದರೆ ಆಗಿದೆ. ಇಷ್ಟು ಸರಳವಾದದ್ದನ್ನು ಈ ಓದಿದವರು ಎಷ್ಟು ಗೋಜಲು ಮಾಡುತ್ತಾರೆ! ಅಲ್ಲಿಯೇ ರಾಣಿಯ ಮುಂಗಾಲಿನಿಂದ ರಕ್ತ ತೆಗೆಸಿದೆ. ರಾಣಿ ಒಂದು ಸಲ ನನ್ನ ಮುಖ ನೋಡಿದಳು. ನಾನು ಹಾರ್ಮೋನುಗಳ ಬಗ್ಗೆ ಎರಡು ಮಾತು ಹೇಳಿದೆ. ಸುಮ್ಮನಾದಳು.

"ಕಳಿಸೂವಾಗ ನಾಯಿ ರಕ್ತ ಅಂತ ಹೇಳ್ರಿ ಮತ್ತ" ಎಂದು ಡಾಕ್ಟರು ಹಿಂದಿನಿಂದ ಕೂಗಿದರು. "ಆತ್ರಿ" ಅಂದೆ.

ಹಾರ್ಮೋನ್ ಪರೀಕ್ಷೆ ಆಗ ನಮ್ಮೂರಲ್ಲಿ ಇರಲಿಲ್ಲ. ಹುಬ್ಬಳ್ಳಿಯ ಒಂದು ಲ್ಯಾಬಿಗೆ ಅಂಗಡಿಯಿಂದಲೇ ಫೋನ್ ಹಚ್ಚಿದೆ. ಲ್ಯಾಬಿನ ಹುಡುಗ, ದನಿಯ ಮೇಲಿಂದ ಭಾಳ ನಮ್ರ, "ನಾವು ಮನಷ್ಯಾರದ ಅಷ್ಟ ಮಾಡತೇವ್ರಿ ಸರ್, ನಾಯಿದು ಮಾಡೂದಿಲ್ಲ" ಅಂದ. ನಾನು ಫೋನ್ ಇಟ್ಟೆ. ಬೇರೆಯವನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದ.

ಆ ದಿನಗಳಲ್ಲಿ ಸವಿತಾ ನಾಲ್ಕು ದಿನಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಡಾಕ್ಟರು ಥೈರಾಯ್ಡ್ ಪರೀಕ್ಷೆ ಮಾಡಿಸಲು ಹೇಳಿದ್ದರು. ಅದೂ ಹುಬ್ಬಳ್ಳಿಗೇ ಹೋಗಬೇಕು. ನಮ್ಮ ಕಡೆ ಇಂಥದಕ್ಕೆ ಯಾರೂ ಪ್ರಯಾಣ ಮಾಡುವುದಿಲ್ಲ. ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರಾಯಿತು. ಬುತ್ತಿ, ಕನ್ನಡಕ, ಮದುವೆ ಕಾರ್ಡು, ರಕ್ತ, ಎಲ್ಲವೂ ಹಾಗೇ ಹೋಗುತ್ತವೆ. ಆ ತುದಿಯಲ್ಲಿ ಬೇಕಾದವರು ಬಂದು ಇಳಿಸಿಕೊಳ್ಳುತ್ತಾರೆ. ಚಹಾದ ಥರ್ಮಾಸಿನಲ್ಲಿ ಐಸ್ ತುಂಬಿ ಮಗಳ ರಕ್ತದ ಶೀಸೆ ಇಟ್ಟೆ. ಅದರ ಪಕ್ಕದಲ್ಲಿ ರಾಣಿಯ ಶೀಸೆಯನ್ನೂ ಇಟ್ಟೆ.

ಶೀಸೆಗೆ ಹೆಸರು ಹಚ್ಚಬೇಕಲ್ಲ? "ರಾಣಿ" ಎಂದು ಬರೆದೆ. ಅದು ಸುಳ್ಳಲ್ಲ. ವಯಸ್ಸು ಬೇಕು. ನನ್ನ ಅಂದಾಜಿನಂತೆ ಮೂರು ಎಂದು ಬರೆಯಲು ಹೋದವನು ಪೆನ್ನು ನಿಲ್ಲಿಸಿದೆ. ನಾಯಿಯ ಒಂದು ವರ್ಷ ಮನುಷ್ಯರ ಏಳು ವರ್ಷಕ್ಕೆ ಸಮ ಎಂದು ಎಲ್ಲೋ ಕೇಳಿದ್ದೆ. ಮೂರೇಳಲಿ ಇಪ್ಪತ್ತೊಂದು. ಇಪ್ಪತ್ತೊಂದು ಎಂದು ಬರೆದೆ. ಇದರಲ್ಲಿ ಎಲ್ಲಿಯೂ ಮೋಸವಿಲ್ಲ. ಬರೀ ಗಣಿತ!

ಆ ಥರ್ಮಾಸ್ ಬೀಗರು ಕೊಟ್ಟದ್ದು ಎಂಬುದು ಆಮೇಲೆ ತಿಳಿಯಿತು. ಗಿರಿಜಾ ಅದರಲ್ಲಿ ಮತ್ತೆಂದೂ ಚಹಾ ಹಾಕಲಿಲ್ಲ.

ಎರಡನೆಯ ದಿನ ಅಂಗಡಿಗೆ ಫೋನ್ ಬಂತು. ಅದೇ ನಮ್ರ ದನಿ. ಶೀಸೆಯ ಮೇಲೆ ಹೆಸರು, ವಯಸ್ಸು ಇದ್ದದ್ದರಿಂದ, ಮೊನ್ನೆ ನಾಯಿಯ ವಿಚಾರ ಕೇಳಿದವನು ನಾನೇ ಎಂಬುದು ಅವನಿಗೆ ಹೊಳೆದಿರಲಿಲ್ಲ.

"ಸರ್, ಸವಿತಾ ಅವರದು ಥೈರಾಯ್ಡ್ ನಾರ್ಮಲ್ ಐತಿ. ರಾಣಿ ಅನ್ನೋರದು ಪ್ರೊಜೆಸ್ಟೆರಾನ್ ಭಾಳ ಏರೈತಿ. ಸಿಹಿ ಸುದ್ದಿ ಇದ್ದಂಗ ಕಾಣತದ್ರಿ."

ಏರಿದರೆ ಆಗಿಲ್ಲ. ಮಾತು ಮುಗೀತು. ಕಣ್ಣ ಮುಂದೆ ಲಕ್ಕಲಕಟ್ಟಿಯ ಮೂರು ನಾಯಿಗಳು ಸಾಲಾಗಿ ಬಂದು ನಿಂತವು. ರಾಣಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

ಆಗ ನನಗೆ ಹೊಳೆಯಿತು. ಥರ್ಮಾಸಿನಲ್ಲಿ ಎರಡು ಶೀಸೆ ಇದ್ದವು. ಒಂದು ಬಸುರಿಯದು, ಒಂದು ನಾಯಿಯದು. ಬಸುರಿಯ ಲಕ್ಷಣ ಯಾವ ರಕ್ತದಲ್ಲಿ ಕಾಣಿಸಬೇಕು? ಬಸುರಿಯ ರಕ್ತದಲ್ಲಿ! ಅಂದರೆ ಶೀಸೆಗಳು ಅದಲುಬದಲಾಗಿವೆ! ಇಷ್ಟು ಸ್ಪಷ್ಟವಾದ ಸಂಗತಿ ಪತ್ತೆಹಚ್ಚಿದ್ದಕ್ಕೆ ನನ್ನ ಬಗ್ಗೆ ನನಗೇ ಗೌರವ ಹೆಚ್ಚಿತು.

"ತಮ್ಮಾ, ನೀವು ಶೀಸೆ ಅದಲಿಬದಲಿ ಮಾಡೀರಿ" ಅಂದೆ.

"ಇಲ್ರಿ ಸರ್, ಹೆಸರು ನೋಡೇ ಹಚ್ಚೇನ್ರಿ."

"ಮಾಡೀರಿ. ಆಗತೈತಿ. ಮನಸ್ಸಿಗೆ ಹಚ್ಚಿಕೊಬ್ಯಾಡ್ರಿ" ಎಂದು ಅವನನ್ನು ಕ್ಷಮಿಸಿ ಫೋನ್ ಇಟ್ಟೆ.

ಮನೆಗೆ ಹೋಗಿ ಇದೆಲ್ಲವನ್ನೂ ವಿವರಿಸಿದೆ. ಗಿರಿಜಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹಂಗಾರ ಸವಿತಾಂದು ಅಂತ ಥೈರಾಯ್ಡ್ ನೋಡ್ಯಾರಲ್ಲ, ಅದು ನಾಯಿದೇನು?"

ಇದು ನನಗೆ ಹೊಳೆದಿರಲಿಲ್ಲ. ತಕ್ಷಣ ಹೊಳೆದವನಂತೆ, "ಅದನ್ನ ಹೇಳಾಕತ್ತಿದ್ದೆ. ಮತ್ತೊಮ್ಮೆ ಕಳಿಸೂದು" ಅಂದೆ. ಪಾಪ, ಮಗಳು ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಂಡಳು. "ಅಪ್ಪಾ, ಈ ಸಲ ನಂದ ಒಂದ ಕಳಸು" ಎಂದಷ್ಟೇ ಅಂದಳು. ಎರಡು ದಿನ ಬಿಟ್ಟು ಫಲಿತಾಂಶ ಬಂತು. ಮೊದಲಿನ ಅಂಕಿಯೇ ಬಂತು, ಕೂದಲೆಳೆಯ ವ್ಯತ್ಯಾಸವಿಲ್ಲ.

ಬುದ್ಧಿ ನೆಟ್ಟಗಿದ್ದವನು ಇಲ್ಲಿ ಒಂದು ಪಾಠ ಕಲಿಯುತ್ತಿದ್ದ. ಮೊದಲ ಸಲವೂ ಅದು ಮಗಳದೇ ರಕ್ತವಾಗಿತ್ತು, ಶೀಸೆಗಳು ಅದಲುಬದಲಾಗಿಲ್ಲ ಎಂದು ತಿಳಿಯುತ್ತಿದ್ದ. ನಾನು ಬೇರೆಯೇ ಪಾಠ ಕಲಿತೆ. ನಾಯಿಯ ಥೈರಾಯ್ಡೂ ನನ್ನ ಮಗಳ ಥೈರಾಯ್ಡೂ ಒಂದೇ ಮಟ್ಟದಲ್ಲಿವೆ ಎಂಬ ಹೊಸ ಸತ್ಯವನ್ನು ಕಂಡುಹಿಡಿದೆ! ಮಗಳಿಗೆ ಹೇಳಿದೆ. ಅವಳು ಮರುದಿನವೇ ರೋಣದ ಬಸ್ಸು ಹತ್ತಿದಳು.

ಗಿರಿಜಾಳ ಮುಂದೆ ಅಂತಿಮ ವರದಿ ಮಂಡಿಸಿದೆ. "ರಾಣಿಗೆ ಆಪರೇಶನ್ ಆಗೈತಿ. ಖಾತ್ರಿ."

"ರಕ್ತ ನೋಡಿ ಹೇಳಿದ್ರೇನು?"

"ರಕ್ತ ನೋಡಿ, ವಿಚಾರ ಮಾಡಿ ಹೇಳೇನಿ."

"ಹ್ಞೂಂ" ಅಂದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವನಿಗೆ ಆ "ಹ್ಞೂಂ"ನ ಅರ್ಥ ತಿಳಿಯಬೇಕಿತ್ತು. ಆದರೂ ರಾಣಿ ಉಳಿದಳು. ನನಗೆ ಬೇಕಾದದ್ದು ಅಷ್ಟೇ.

ಸುದ್ದಿ ಊರಲ್ಲಿ ಹರಡಿತು. ಹರಡಿದವನು ನಾನೇ. ರಕ್ತ ನೋಡಿ ನಾಯಿಯ ಗರ್ಭದ ವಿಚಾರ ಹೇಳುವ ಡಾಕ್ಟರ್ ಎಂದು ಹೆಸರಾಯಿತು. ಒಂದು ಮುಂಜಾನೆ ಅಂಗಡಿ ತೆಗೆಯುವ ಹೊತ್ತಿಗೆ ಮುಶಿಗೇರಿಯ ರೈತರೊಬ್ಬರು ಎಮ್ಮೆ ಹಿಡಿದುಕೊಂಡು ಬಂದು ನಿಂತಿದ್ದರು.

"ಡಾಕ್ಟ್ರ, ಇದು ಗಬ್ಬ ಐತೋ ಇಲ್ಲೋ ಸ್ವಲ್ಪ ರಕ್ತ ನೋಡಿ ಹೇಳ್ರಿ."

ಎಮ್ಮೆ ಅಂಗಡಿಯ ಮೆಟ್ಟಿಲಿಗೆ ಮುಂಗಾಲಿಟ್ಟು ಕೆಮ್ಮಿನ ಔಷಧಿಗಳ ಕಡೆ ನೋಡುತ್ತಿತ್ತು. ಇದು ನಾಯಿಯ ಪರೀಕ್ಷೆ, ಎಮ್ಮೆಗೆ ನಡೆಯುವುದಿಲ್ಲ ಎಂದು ಹೇಳಿ ದನದ ಡಾಕ್ಟರ ಹತ್ತಿರ ಕಳಿಸಿದೆ. ಹೇಳುವಾಗ ನನ್ನ ದನಿಯಲ್ಲಿ ದೊಡ್ಡ ಡಾಕ್ಟರೊಬ್ಬರು ರೋಗಿಯನ್ನು ಬೇರೆಯವರಲ್ಲಿಗೆ ಕಳಿಸುವ ಗಾಂಭೀರ್ಯವಿತ್ತು. ಅದೇ ದನದ ಡಾಕ್ಟರಿಗೆ ನಾನು ಹುಬ್ಬಳ್ಳಿಯ ಫಲಿತಾಂಶ ಹೇಳಿರಲಿಲ್ಲ. ನನಗೆ ಗೊತ್ತಾದ ಮೇಲೆ ಅವರಿಗೇಕೆ ತೊಂದರೆ?

ವಾರಗಳು ಕಳೆದವು. ರಾಣಿ ದಪ್ಪಗಾಗತೊಡಗಿದಳು.

ಪಕ್ಕದ ಮನೆಯ ಖಾದರಸಾಬರು ಗಾದಿ ಹೊಲಿಯುವವರು, ಹೊರಸಿಗೆ, ಅಂದರೆ ಹಗ್ಗದ ಮಂಚಕ್ಕೆ, ನುಲಿ ಹೆಣೆಯುವುದರಲ್ಲೂ ಗಟ್ಟಿಗರು. ನನ್ನ ಹಳೆಯ ಸ್ನೇಹಿತರು, ನಾನು ಏನು ಹೇಳಿದರೂ ಒಪ್ಪುವವರು. ಅಂಥವರೇ ಒಂದು ದಿನ, "ಡಾಕ್ಟ್ರ, ನಿಮ್ಮ ನಾಯಿ ಹೊಟ್ಟಿ ಬಂದಂಗ ಕಾಣತದಲ್ರಿ?" ಅಂದರು.

"ಆಪರೇಶನ್ ಆದ ನಾಯಿ ದಪ್ಪ ಆಗೂದು ಸಹಜ, ಸಾಬರ. ಇದ ಅದಕ್ಕ ಪುರಾವೆ."

"ಹೌದೇನ್ರಿ? ಖರೇ ಅನ್ರಿ, ನಿಮಗ ಗೊತ್ತಿರತದ."

ಇಡೀ ದಿನ ಮಲಗುತ್ತಾಳೆ ಎಂದರೆ, ಆಪರೇಶನ್ ಆದ ನಾಯಿ ಶಾಂತವಾಗುತ್ತದೆ ಎಂದೆ. ಹಸಿವು ಹೆಚ್ಚಾಗಿದೆ ಎಂದರೆ, ಅದೂ ಒಂದು ಲಕ್ಷಣ ಎಂದೆ. ಹಿತ್ತಲಲ್ಲಿ ಮೂಲೆ ಮೂಲೆ ಕೆದರುತ್ತಾಳೆ ಎಂದು ಗಿರಿಜಾ ಹೇಳಿದಾಗ, ಬಿಸಿಲಿನ ತಾಪಕ್ಕೆ ತಂಪು ಜಾಗ ಹುಡುಕುತ್ತಿದ್ದಾಳೆ ಎಂದೆ. ಏನೇ ಕಾಣಿಸಲಿ, ನನ್ನ ತೀರ್ಮಾನಕ್ಕೆ ಅದು ಬಂದು ಸರಿಯಾಗಿ ಹೊಂದುತ್ತಿತ್ತು. ಸರಿಯಾದ ತೀರ್ಮಾನದ ಲಕ್ಷಣವೇ ಅದು ಎಂದುಕೊಂಡೆ.

"ಒಮ್ಮೆ ಹೊಟ್ಟಿ ಮ್ಯಾಲ ಕೈ ಇಟ್ಟು ನೋಡ್ರಿ" ಅಂದಳು ಗಿರಿಜಾ.

"ಹುಬ್ಬಳ್ಳಿತನಕ ರಕ್ತ ಕಳಿಸಿ ನೋಡಿದ ಮ್ಯಾಲ ಕೈ ಇಟ್ಟು ನೋಡೂದೇನೈತಿ?" ಅಂದೆ.

ಸವಿತಾಳಿಗೆ ಏಳು ತಿಂಗಳು ತುಂಬುತ್ತಿದ್ದಂತೆ ತವರಿನ ಸೀಮಂತದ, ನಮ್ಮ ಕಡೆಯ ಮಾತಿನಲ್ಲಿ ಕುಬಸದ, ದಿನ ಗೊತ್ತಾಯಿತು. ಬೀಗರು ರೋಣದಿಂದ ಅವಳನ್ನು ಕರೆದುಕೊಂಡು ಬಂದು, ಆರತಿ ಊಟ ಮುಗಿದ ಮೇಲೆ ಹೆರಿಗೆಗೆಂದು ಇಲ್ಲಿಯೇ ಬಿಟ್ಟುಹೋಗುವುದು ಎಂದಾಗಿತ್ತು. ಬೀಗಿತಿ ಶಾಂತಕ್ಕನವರು ಕಟ್ಟುನಿಟ್ಟಿನ ಹೆಣ್ಣುಮಗಳು. ಸೊಸೆ ಮಲಗುವ ಜಾಗ ಹೇಗಿದೆ ಎಂದು ಕಣ್ಣಾರೆ ನೋಡಿಯೇ ಹೋಗುವವರು. ಗಿರಿಜಾ ಹದಿನೈದು ದಿನ ಹಿಡಿದು ಹಿತ್ತಲ ಕಡೆಯ ಬಾಣಂತಿ ಕೋಣೆಯನ್ನು ಸಾರಿಸಿ ಸುಣ್ಣ ಬಳಿಸಿದಳು. ಖಾದರಸಾಬರು ಹೊರಸಿಗೆ ಹೊಸ ನುಲಿ ಹೆಣೆದುಕೊಟ್ಟರು. ಹೊರಸಿನ ಮೇಲೆ ಗಿರಿಜಾ ತನ್ನ ಹಳೆಯ ಸೀರೆಗಳಿಂದ ವರ್ಷವಿಡೀ ಕೂತು ಹೊಲಿದ ಕೌದಿ ಹಾಸಿದಳು. ಆ ಕೌದಿಯನ್ನು ಬೀಗಿತಿಯ ಮುಂದೆ ಬಿಚ್ಚಿ ತೋರಿಸುವ ಗಳಿಗೆಗಾಗಿ ಅವಳು ಕಾಯುತ್ತಿದ್ದಳು.

ಕುಬಸದ ದಿನ ಬೆಳಿಗ್ಗೆಯಿಂದ ರಾಣಿ ಕಾಣಲಿಲ್ಲ. ಗದ್ದಲಕ್ಕೆ ಹೆದರಿ ಎಲ್ಲೋ ಕೂತಿರಬೇಕು ಎಂದುಕೊಂಡೆ.

ಬೀಗರು ಜೀಪಿನಲ್ಲಿ ಬಂದಿಳಿದರು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಸವಿತಾ ಕುರ್ಚಿಯಲ್ಲಿ ಕುಳಿತಳು. ಹೆಣ್ಣುಮಕ್ಕಳು ಆರತಿ ಎತ್ತಿದರು. ಗಂಡಸರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಮಾತು ಹೇಗೋ ನಾಯಿಯ ಕಡೆಗೆ ತಿರುಗಿತು. ತಿರುಗಿಸಿದವನು ನಾನೇ. ಹಾರ್ಮೋನ್ ಎಂದರೇನು, ಹುಬ್ಬಳ್ಳಿಯ ಲ್ಯಾಬಿನವರೂ ಹೇಗೆ ತಪ್ಪುತ್ತಾರೆ, ಆ ತಪ್ಪನ್ನು ಗಜೇಂದ್ರಗಡದಲ್ಲಿ ಕೂತು ಹೇಗೆ ಹಿಡಿಯಬಹುದು ಎಂಬುದನ್ನು ಬೀಗರಿಗೆ ತಿಳಿಹೇಳಿದೆ. ಬಾಗಿಲ ಹತ್ತಿರ ನಿಂತಿದ್ದ ಶಾಂತಕ್ಕನವರೂ ಕೇಳಿಸಿಕೊಂಡರು.

"ಅಂದ್ರ ನಿಮ್ಮ ನಾಯಿಗೆ ಮರಿ ಆಗೂದಿಲ್ಲೇನ್ರಿ ಅಣ್ಣಾರ?"

"ಈ ಜನ್ಮದಾಗ ಇಲ್ರಿ ಅಕ್ಕಾರ."

"ಚಲೋ ಆತು. ಬಾಣಂತಿ ಇರೂ ಮನಿ. ಬರ್ರಿ, ಖೋಲಿ ತೋರಸ್ರಿ."

ಗಿರಿಜಾಳ ಮುಖ ಅರಳಿತು. ಮುಂದೆ ನಾನು, ಹಿಂದೆ ಗಿರಿಜಾ, ಅವಳ ಹಿಂದೆ ಶಾಂತಕ್ಕನವರು, ಸವಿತಾ, ಆರತಿ ತಟ್ಟೆ ಹಿಡಿದ ಹೆಣ್ಣುಮಕ್ಕಳು, ಎಲ್ಲರ ಹಿಂದೆ ತಾವು ಹೆಣೆದ ನುಲಿಗೆ ಶಹಬ್ಬಾಸ್‌ಗಿರಿ ಸಿಗಬಹುದೆಂದು ಖಾದರಸಾಬರು. ಸಾಲಾಗಿ ನಡೆದೆವು. ಹಿತ್ತಲ ಕಡೆಯ ಕಿಟಕಿ ಸುಣ್ಣ ಒಣಗಲೆಂದು ತೆರೆದೇ ಇತ್ತು. ಅದನ್ನು ತೆರೆದವನೂ ನಾನೇ. ನಾನು ಬಾಗಿಲು ತಳ್ಳಿದೆ.

ಹೊರಸಿನ ಮೇಲೆ, ಹೊಸ ಕೌದಿಯ ನಡುಮಧ್ಯೆ, ರಾಣಿ ಮಲಗಿದ್ದಳು. ಅವಳ ಹೊಟ್ಟೆಗೆ ಅಂಟಿಕೊಂಡು ಐದು ಮರಿಗಳು ಸಾಲಾಗಿ ಹಾಲು ಕುಡಿಯುತ್ತಿದ್ದವು.

ರಾಣಿ ತಲೆಯೆತ್ತಿ, ಇಷ್ಟು ಜನರಲ್ಲಿ ನನ್ನನ್ನು ಹುಡುಕಿ, ಬಾಲವನ್ನು ಮೆಲ್ಲಗೆ ಎರಡು ಸಲ ಬಡಿದಳು.

ಮೊದಲು ಮಾತಾಡಿದವರು ಶಾಂತಕ್ಕನವರು. "ಆಪರೇಶನ್ ಆಗೈತಿ ಅಂದ್ರಲ್ರಿ ಅಣ್ಣಾರ. ಯಾರು ಮಾಡಿದ್ರು, ನೀವ ಮಾಡಿದ್ರೇನು?"

ಹಿಂದಿನಿಂದ ಖಾದರಸಾಬರು ಇಣುಕಿ ನೋಡಿ, ತೃಪ್ತಿಯಿಂದ, "ನುಲಿ ಮಾತ್ರ ಗಟ್ಟಿ ಬಂದಾವ ನೋಡ್ರಿ. ಆರು ಮಂದಿ ಮಲಗಿದ್ರೂ ಜಗ್ಗಿಲ್ಲ" ಅಂದರು.

ನಾನು ಗಿರಿಜಾಳ ಮುಖ ನೋಡಲಿಲ್ಲ. ಅವಳ ಒಂದು ವರ್ಷದ ಹೊಲಿಗೆ ಹೊರಸಿನ ಮೇಲೆ ಹಸಿಯಾಗಿ ಬಿದ್ದಿತ್ತು. ಬೀಗರ ಮುಂದೆ ಅವಳ ಮಾನ ನನ್ನಿಂದ ಹೋಗಿತ್ತು. ಅವಳು ಕೇಳಿದ್ದು ಒಂದೇ ಒಂದು ಖಾತ್ರಿ. ಅದನ್ನು ನಾನು ಎದೆ ತಟ್ಟಿ ಕೊಟ್ಟಿದ್ದೆ. ಈಗ ಉಳಿದದ್ದು ಲಕ್ಕಲಕಟ್ಟಿಯ ದಾರಿ. ಸುಳ್ಳೇಕೆ, ಕಣ್ಣಲ್ಲಿ ನೀರು ಬಂತು.

"ನಾಳೆ ಒಯ್ದು ಅಕ್ಕನ ಹೊಲದಾಗ ಬಿಟ್ಟು ಬರತೇನಿ" ಅಂದೆ.

"ಎಲ್ಲಿಗೆ?" ಗಿರಿಜಾ ಕೇಳಿದಳು.

"ಲಕ್ಕಲಕಟ್ಟಿಗೆ. ನೀನ ಹೇಳಿದ್ಯಲ್ಲ."

"ಹಸೀ ಬಾಣಂತಿನ್ನ ಹೊಲಕ್ಕ ಬಿಡತಾರೇನು? ತಿಳೀತೈತೋ ಇಲ್ಲೋ ನಿಮಗ?"

ನಾನು ತಲೆಯೆತ್ತಿದೆ. ಗಿರಿಜಾ ಆಗಲೇ ಹೊರಸಿನ ಹತ್ತಿರ ಹೋಗಿ ಬಗ್ಗಿದ್ದಳು. ರಾಣಿಯ ಮೈ ನಡುಗುತ್ತಿತ್ತು. ಗಿರಿಜಾ ಕೌದಿಯ ಒದ್ದೆಯಾಗದ ತುದಿಯನ್ನು ಎಳೆದು ಅವಳ ಬೆನ್ನಿಗೆ ಹೊದಿಸಿದಳು. ಆಮೇಲೆ ಹಿಂತಿರುಗಿ ಎಲ್ಲರಿಗೂ ಅಪ್ಪಣೆ ಕೊಟ್ಟಳು. ಕಿಟಕಿ ಮುಚ್ಚಿರಿ, ಗಾಳಿ ಬಡಿಯುತ್ತದೆ. ಬಾಗಿಲಲ್ಲಿ ಗುಂಪು ಕಟ್ಟಬೇಡಿರಿ. ಸವಿ, ನೀನು ಹೋಗಿ ಕುಳಿತುಕೋ. ಬೆಲ್ಲ ಹಾಕಿ ತೆಳ್ಳಗೆ ಗಂಜಿ ಕಾಸಿರಿ. ಮಗಳ ಬಾಣಂತನಕ್ಕೆಂದು ಮುಂಚಿತವಾಗಿಯೇ ಕಟ್ಟಿಟ್ಟಿದ್ದ ಅಂಟಿನುಂಡಿಯ ಡಬ್ಬಿಯಿಂದ ಒಂದು ಉಂಡಿ ತೆಗೆದು ಪುಡಿ ಮಾಡಿ ರಾಣಿಯ ಮುಂದಿಟ್ಟವರು ಯಾರು ಅಂದಿರಿ? ಶಾಂತಕ್ಕನವರು! "ಅಂಟು ಚಲೋ ಹುರದೀರಿ ಬೀಗತಿಯಾರ" ಎಂದು ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡರು. ಕೌದಿಯನ್ನು ಬಿಚ್ಚಿ ತೋರಿಸುವ ಗಳಿಗೆ ತಪ್ಪಿತ್ತು, ಉಂಡಿ ಗಿರಿಜಾಳ ಮಾನ ಉಳಿಸಿತು.

ನನಗೆ ಧೈರ್ಯ ಬಂತು. ಮೆಲ್ಲಗೆ ಹತ್ತಿರ ಹೋಗಿ, "ಅಂದ್ರ ರಾಣಿ ಇರಲಿ ಅಂತೀಯೇನು?" ಎಂದು ಕೇಳಿದೆ.

"ಒಂದ ಮನ್ಯಾಗ ಎರಡು ಬಾಣಂತನ ನನ್ನ ಕೈಲೆ ಆಗೂದಿಲ್ಲ ಅಂತ ಹೇಳಿದ್ದೆ. ಈಗೂ ಅದ ಹೇಳತೇನಿ. ಒಂದು ನಂದು" ಅಂದಳು. ಆಮೇಲೆ ಹೊರಸಿನ ಕಡೆ ಕೈ ಮಾಡಿ, "ಇದು ನಿಮ್ಮದು" ಅಂದಳು.

ಅಂದಿನಿಂದ ನಾನು ಬಾಣಂತನಕ್ಕೆ ನಿಂತೆ. ಬೆಳಿಗ್ಗೆ ಎದ್ದು ಗಂಜಿ ಕಾಸುವುದು, ಗೋಣಿಚೀಲ ಒಗೆಯುವುದು, ಮರಿಗಳನ್ನು ಎಣಿಸಿ ತಾಯಿಯ ಹತ್ತಿರ ಇಡುವುದು. ಕೌದಿಯನ್ನು ಎರಡು ದಿನ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆದೆ. ಅಂಗಡಿಗೆ ಹೋಗುವಷ್ಟರಲ್ಲಿ ಸೊಂಟ ಹಿಡಿದಿರುತ್ತಿತ್ತು. ಸೊಂಟನೋವಿನ ಮುಲಾಮು ಆ ತಿಂಗಳು ಹೆಚ್ಚು ಖರ್ಚಾದದ್ದು ನನ್ನ ಸೊಂಟಕ್ಕೇ.

ದನದ ಡಾಕ್ಟರು ಮರಿಗಳನ್ನು ನೋಡಲು ಬಂದರು.

"ಅಲ್ರೀ, ಹುಬ್ಬಳ್ಳಿ ಪರೀಕ್ಷಾದಾಗ ಏನ್ ಬಂದಿತ್ತು?"

"ಏರಿತ್ತರಿ."

"ಏರಿತ್ತು?"

"ಭಾಳ ಏರಿತ್ತಂತ್ರಿ."

"ಅಂದ್ರ ಪರೀಕ್ಷಾ ಸರಿನ ಇತ್ತಲ್ರಿ" ಎಂದು ಹೇಳಿ ಚೀಲ ಎತ್ತಿಕೊಂಡು ಹೋದರು. ನಿಜ. ಇಡೀ ಪ್ರಕರಣದಲ್ಲಿ ನಾಯಿ ಸರಿ ಇತ್ತು, ರಕ್ತ ಸರಿ ಇತ್ತು, ಥರ್ಮಾಸ್ ಸರಿ ಇತ್ತು, ಹುಬ್ಬಳ್ಳಿ ಸರಿ ಇತ್ತು. ಕೆಟ್ಟಿದ್ದು ಅಂಗಡಿಯ ಕುರ್ಚಿಯ ಮೇಲೆ ಕೂತಿದ್ದ ತಲೆ ಮಾತ್ರ.

ಅದೇ ವಾರ ಅಂಗಡಿಗೆ ಫೋನ್ ಬಂತು. ಲ್ಯಾಬಿನ ನಮ್ರ ದನಿ.

"ಸರ್, ಅವತ್ತು ಶೀಸೆ ಅದಲಿಬದಲಿ ಆಗ್ಯಾವ ಅಂದ್ರಿ. ನನ್ನ ಮನಸ್ಸಿಗೆ ಭಾಳ ಹತ್ತಿತ್ರಿ. ಆಮ್ಯಾಲ ಏನರ ತಿಳೀತೇನ್ರಿ?"

ಪಾಪ ಹುಡುಗ ಇಷ್ಟು ದಿನ ನಿದ್ದೆಗೆಟ್ಟಿದ್ದ. ಇವನಿಗಾದರೂ ನಿಜ ಹೇಳಬೇಕು ಎನ್ನಿಸಿತು. "ನಿಮ್ಮದ ಸರಿ ಇತ್ತು ತಮ್ಮಾ. ತಪ್ಪು ನಂದು. ರಾಣಿಗೆ ಹೆರಿಗಿ ಆತು."

"ಭಾಳ ಸಂತೋಷ ಆತ್ರಿ ಸರ್. ಗಂಡೋ ಹೆಣ್ಣೋ?"

"ಎರಡು ಗಂಡು, ಮೂರು ಹೆಣ್ಣು."

ಆ ಕಡೆ ಅವನು ಬಾಯಲ್ಲೇ ಲೆಕ್ಕ ಹಾಕಿದ್ದು ಕೇಳಿಸಿತು.

"ಐದೂ... ಆರಾಮ ಅದಾವೇನ್ರಿ?"

"ಆರಾಮ ಅದಾವ. ಕಣ್ಣ ಇನ್ನೂ ತೆರದಿಲ್ಲ."

"ತಾಯಿ ಹ್ಯಾಂಗದಾರ್ರಿ? ಎದ್ದು ಕೂಡತಾರೇನು?"

"ಮುಂಜಾನಿ ಬೆಕ್ಕಿನ ಬೆನ್ನ ಹತ್ತಿ ಗ್ವಾಡಿ ಹಾರ್ಯಾಳ" ಅಂದೆ.

ಅವನು ಫೋನನ್ನು ಮೆಲ್ಲಗೆ ಇಟ್ಟ ಸದ್ದು ಕೇಳಿಸಿತು. ಮತ್ತೆ ಎಂದೂ ಮಾಡಲಿಲ್ಲ.

ಮರಿಗಳು ಹಾಲು ಬಿಟ್ಟ ಮೇಲೆ ಒಂದೊಂದು ಒಂದೊಂದು ಮನೆ ಸೇರಿದವು. ಮುಶಿಗೇರಿಯ ಎಮ್ಮೆಯ ರೈತರೂ ಒಂದನ್ನು ಒಯ್ದರು. ಎಮ್ಮೆ ಗಬ್ಬವಿತ್ತಂತೆ. "ನೀವು ನೋಡಲಿಲ್ಲ, ಚಲೋ ಆತ್ರಿ" ಎಂದು ಕೃತಜ್ಞತೆಯಿಂದ ಹೇಳಿದರು. ಆಮೇಲೆ ದನದ ಡಾಕ್ಟರು ರಾಣಿಗೆ ಆಪರೇಶನ್ ಮಾಡಿದರು. ನನ್ನ ಕಣ್ಣೆದುರಿಗೇ ಮಾಡಿದರು. ಈಗ ಅವಳ ಹೊಟ್ಟೆಯ ಮೇಲೆ ಎರಡು ಗೆರೆಗಳಿವೆ. "ಈಗರ ಖಾತ್ರಿ ಐತೇನ್ರಿ, ಇಲ್ಲಾ ಹುಬ್ಬಳ್ಳಿಗೆ ಕಳಸೂಣೇನು?" ಎಂದು ಗಿರಿಜಾ ಕೇಳಿದಳು.

ಅಂಗಡಿಯಲ್ಲಿ ಯಾರಾದರೂ "ಡಾಕ್ಟ್ರ" ಎಂದರೆ ಈಗ ನಾನು ಮತ್ತೆ ತಿದ್ದುತ್ತೇನೆ. "ನಾ ಡಾಕ್ಟರ್ ಅಲ್ರೀ, ಅಂಗಡಿಯಾಂವ." "ಗೊತ್ತೈತ್ರಿ" ಅನ್ನುತ್ತಾರೆ.

ಸವಿತಾಳಿಗೆ ಹೆಣ್ಣು ಮಗು ಹುಟ್ಟಿತು. ಅದೇ ಹೊರಸು, ಬೇರೆ ಕೌದಿ. ಗಿರಿಜಾ ತನ್ನ ಪಾಲಿನ ಬಾಣಂತನವನ್ನು ಒಂದೂ ತಪ್ಪಿಲ್ಲದೆ ಮಾಡಿದಳು. ರಾಣಿ ನನ್ನವಳಾಗಿಯೇ ಉಳಿದಳು. ಯಾರು ಏನೇ ಅನ್ನಲಿ, ನನ್ನ ಮಾತು ಪೂರ್ತಿ ಕೇಳುವವಳು ಒಬ್ಬಳಿದ್ದಾಳಲ್ಲ ಎಂಬ ಸಮಾಧಾನ ನನಗಿತ್ತು. ನಿನ್ನೆ ಸಂಜೆ ಪಡಸಾಲೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಬಹಳ ದಿನದ ಮೇಲೆ, ಕೆಮ್ಮಿನ ಬಗೆಗಳನ್ನು ವಿವರಿಸಲು ಕುಳಿತೆ. ತಲೆ ವಾರೆ ಮಾಡಿಕೊಂಡು ಕೇಳಿದಳು. ಒಣ ಕೆಮ್ಮು ಮುಗಿದು ಕಫದ ಕೆಮ್ಮಿಗೆ ಬರುವಷ್ಟರಲ್ಲಿ ಒಳಗೆ ತೊಟ್ಟಿಲು ಅಲುಗಿತು, ಮೊಮ್ಮಗಳು ಕುಂಯ್ ಎಂದಳು.

ರಾಣಿ ಎದ್ದುಹೋದಳು.